ಹಾಲಿನ ಪುಡಿಯಲ್ಲಿ ಮಲಗಿದ್ದ ಉಲ್ಲಾಳ

ನಮ್ಮ ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ, ಎಡಗಡೆಯ ಮೂರನೆಯ ಅರೆಯಲ್ಲಿ, ‘ಉಲ್ಲಾಳ’ ಎಂದು ಬರೆದ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಹತ್ತಿಯ ಮೇಲೆ ಮಲಗಿಸಿದ ಎರಡು ಗಾಜಿನ ಆಂಪೂಲುಗಳು. ಕಿರುಬೆರಳಿಗಿಂತ ಸಣ್ಣವು, ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದವು. ತಳದಲ್ಲಿ ಉಗುರಿನಷ್ಟು ಬಿಳಿ ಪುಡಿ. ನೋಡಿದವರು ಹಾಲಿನ ಪುಡಿ ಎನ್ನುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ ಅದು ಹಾಲಿನ ಪುಡಿಯೇ ಹೌದು. ಕೆನೆ ತೆಗೆದ ಹಾಲಿನಲ್ಲಿ ಬ್ಯಾಕ್ಟೀರಿಯಾವನ್ನು ಕಲಸಿ, ಕಲ್ಲಿನಂತೆ ಹೆಪ್ಪುಗಟ್ಟಿಸಿ, ನೀರಿನ ಅಂಶವನ್ನೆಲ್ಲ ನಿರ್ವಾತದಲ್ಲಿ ಎಳೆದು ತೆಗೆದರೆ ಉಳಿಯುವುದು ಅಷ್ಟೇ. ಹಾಗೆ ಒಣಗಿದ ಜೀವ ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಬದಲಾಗುವುದೂ ಇಲ್ಲ. ಎಷ್ಟೋ ವರ್ಷ ಬಿಟ್ಟು ಆಂಪೂಲನ್ನು ಒಡೆದು ಪೋಷಕ ದ್ರವದ ಕೆಲವು ಹನಿ ಬಿಟ್ಟರೆ ಅದು ಎಚ್ಚರಗೊಳ್ಳುತ್ತದೆ. ಎಚ್ಚರಗೊಳ್ಳದೆಯೂ ಇರಬಹುದು.

ಆ ಬ್ಯಾಕ್ಟೀರಿಯಾ ನಮ್ಮ ಮನೆಯ ಎಮ್ಮೆಯನ್ನು ಕೊಂದದ್ದು.

ನಾನು ಆಗ ಏಳನೆಯ ತರಗತಿಯಲ್ಲಿದ್ದೆ. ನಗರದಂಚಿನ ನಮ್ಮ ಉಲ್ಲಾಳ ಇನ್ನೂ ಹಳ್ಳಿಯಾಗಿತ್ತು. ಈಗ ನಮ್ಮ ಬಾಡಿಗೆದಾರರು ಸ್ಕೂಟರು ನಿಲ್ಲಿಸುವ ಜಾಗದಲ್ಲಿ ಕೊಟ್ಟಿಗೆಯಿತ್ತು. ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ. ಅದರ ಎಡಗೊಂಬು ಕೆಳಕ್ಕೆ ಬಾಗಿತ್ತು. ಅಪ್ಪ ನಾಲಗೆಯನ್ನು ಅಂಗುಳಕ್ಕೆ ಬಡಿದು ಒಂದು ಸದ್ದು ಮಾಡಿದರೆ ಸಾಕು, ಕೆರೆಯಂಗಳದಲ್ಲಿ ಎಲ್ಲಿದ್ದರೂ ತಲೆಯೆತ್ತಿ ನಡೆದು ಬರುತ್ತಿತ್ತು. ಆ ಸದ್ದನ್ನು ಬರೆಯಲು ಅಕ್ಷರಗಳು ಸಾಲುವುದಿಲ್ಲ; ನಾನು ಪ್ರಯತ್ನಿಸಿ ನೋಡಿದ್ದೇನೆ. ಮುಂಗಾರಿನ ಮೊದಲ ವಾರ ಒಂದು ಸಂಜೆ ಎಮ್ಮೆ ಮೇವು ಬಿಟ್ಟಿತು. ಬೆಳಗಾಗುವಷ್ಟರಲ್ಲಿ ಗಂಟಲು ಊದಿ, ಜೊಲ್ಲು ಸುರಿದು, ಗೊರಗೊರ ಎಂದು ಉಸಿರೆಳೆಯುತ್ತಿತ್ತು. ಗಳಲೆ ರೋಗ. ಡಾಕ್ಟರು ಸ್ಕೂಟರಿನಲ್ಲಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವರು ಪ್ರಯೋಗಾಲಯದಿಂದ ಬಂದಿದ್ದ ಪಶುವೈದ್ಯರು. ಸತ್ತ ಎಮ್ಮೆಯ ಹೃದಯದಿಂದ ಸಿರಿಂಜಿನಲ್ಲಿ ರಕ್ತ ತೆಗೆದುಕೊಂಡು, ಒಂದು ಫಾರಂ ಹೊರತೆಗೆದರು. ಅಪ್ಪನಿಗೆ ಓದುಬರಹ ತಿಳಿದಿರಲಿಲ್ಲ. ಡಾಕ್ಟರು ಫಾರಂ ಅನ್ನು ನನ್ನ ಕೈಗೆ ಕೊಟ್ಟು, “ಸ್ಕೂಲಿಗೆ ಹೋಗ್ತೀಯಲ್ಲಮ್ಮ, ನೀನೇ ತುಂಬು” ಎಂದರು. ಊರು, ಪ್ರಾಣಿ, ವಯಸ್ಸು, ಸತ್ತ ಹೊತ್ತು: ಎಲ್ಲವನ್ನೂ ನಾನೇ ದುಂಡಗೆ ಬರೆದೆ. ಮಾಲೀಕರ ಸಹಿ ಎಂಬಲ್ಲಿ ಅಪ್ಪ ಹೆಬ್ಬೆಟ್ಟು ಒತ್ತಿದರು. ಮಾತಿನಲ್ಲಿ ನಾನು ಅಪ್ಪನನ್ನು ಎಂದೂ ಹೀಗೆ ಬಹುವಚನದಲ್ಲಿ ಕರೆದವಳಲ್ಲ. ಬರೆಯಲು ಕುಳಿತರೆ ಮಾತ್ರ ಅದು ತಾನಾಗಿ ಬಂದುಬಿಡುತ್ತದೆ. ಮಳೆ ಶುರುವಾಗುವ ಮೊದಲು ಗುಂಡಿ ತೋಡಿ, ಸುಣ್ಣ ಸುರಿದು, ಎಮ್ಮೆಯನ್ನು ಹೂಳಬೇಕಿತ್ತು. ಆ ಅವಸರದಲ್ಲಿ ಕೈ ಎಳೆದುಕೊಂಡಾಗ ಹೆಬ್ಬೆಟ್ಟಿನ ಗುರುತು ಬಲಕ್ಕೆ ಒಂದು ಗೀರಾಗಿ ಹರಡಿತು.

“ಇದನ್ನ ನಾವು ಇಟ್ಕೋತೀವಿ,” ಎಂದು ಡಾಕ್ಟರು ಸಿರಿಂಜನ್ನು ಎತ್ತಿ ತೋರಿಸಿದರು. “ಮುಂದೆ ಎಲ್ಲಾದ್ರೂ ಈ ಕಾಯಿಲೆ ಬಂದ್ರೆ, ಪಕ್ಕದಲ್ಲಿಟ್ಟು ಹೋಲಿಸಿ ನೋಡೋಕೆ ಒಂದು ಬೇಕಲ್ಲ.”

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಎಮ್ಮೆ ಓದ್ಮೇಲೆ ಅದ್ರ ಕಾಯ್ಲೆ ಮಡೀಕಂಡು ಏನ್ ಮಾಡ್ತೀರ ಸ್ವಾಮಿ,” ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಓದಿದೆ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಜ್ಞಾನಭಾರತಿಯ ಆವರಣದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಅರ್ಜಿ ತುಂಬುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಫಾರಂ. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ತರಗತಿಯಲ್ಲಿ ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಕಟ್ಟಿಕೊಳ್ಳುತ್ತಿದ್ದೆ. ‘ಐತೆ’ ಎನ್ನುವುದನ್ನು ‘ಇದೆ’ ಎಂದು, ‘ಓಗು’ ಎನ್ನುವುದನ್ನು ‘ಹೋಗು’ ಎಂದು ತಿದ್ದಿಕೊಂಡೆ. ಕೆಲವೇ ವರ್ಷಗಳಲ್ಲಿ ಮನೆಯಲ್ಲೂ ಹಾಗೆಯೇ ಮಾತಾಡತೊಡಗಿದೆ. “ಏನೇ, ರೇಡಿಯೋದೋಳಂಗೆ ಮಾತಾಡ್ತೀಯ, ನಿಮ್ಮಪ್ಪಂಗೆ ಅರ್ಥ ಆಯ್ತದಾ ಕೇಳು,” ಎಂದು ಅಮ್ಮ ನಗುತ್ತಿದ್ದಳು. ಅಪ್ಪ ಮಾತ್ರ ಹೆಮ್ಮೆಯಿಂದ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಓದು ಮುಗಿಸಿ, ಅದೇ ಡಾಕ್ಟರ ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕಿಯಾಗಿ ಸೇರಿದೆ. ಮೊದಲ ವಾರವೇ ಅವರು ನನ್ನನ್ನು ತಣ್ಣನೆಯ ಕೋಣೆಗೆ ಕರೆದೊಯ್ದು ಆ ರಟ್ಟಿನ ಪೆಟ್ಟಿಗೆ ತೋರಿಸಿದರು. ಅದರ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಫಾರಂ ಇತ್ತು: ನನ್ನ ದುಂಡು ಅಕ್ಷರ, ಅಪ್ಪನ ಗೀರು.

“ನಿಮ್ಮ ಎಮ್ಮೆ ಕೊಂದಿದ್ದನ್ನ ಹಾಲಲ್ಲೇ ಮಲಗಿಸಿದೀನಿ ಕಣಮ್ಮ,” ಎಂದು ಅವರು ನಕ್ಕರು. ಆರು ಆಂಪೂಲು ಮಾಡಿದ್ದರಂತೆ. ನಾಲ್ಕು ಬೇರೆ ಪ್ರಯೋಗಾಲಯಗಳಿಗೂ ಪರೀಕ್ಷೆಗಳಿಗೂ ಹೋಗಿ, ಎರಡು ಉಳಿದಿದ್ದವು. ಅವು ಬೀಜ. ದಿನನಿತ್ಯದ ಕೆಲಸಕ್ಕೆ ಬೀಜದಿಂದ ಬೆಳೆಸಿದ ಟ್ಯೂಬುಗಳು ಫ್ರೀಜರಿನಲ್ಲಿದ್ದವು. ನಿವೃತ್ತರಾಗುವ ದಿನ ಅವರು ತಣ್ಣನೆಯ ಕೋಣೆಯ ಬೀಗದ ಕೈಯನ್ನು ನನಗೆ ಕೊಟ್ಟು ಒಂದೇ ಮಾತು ಹೇಳಿದರು: “ಬೀಜ ಜೋಪಾನ.”

ಜೋಪಾನ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದೇ ಅರ್ಥವಿತ್ತು. ಅಮ್ಮನ ಶೋಕೇಸಿನಲ್ಲಿ ಹನ್ನೆರಡು ಸ್ಟೀಲ್ ತಟ್ಟೆಗಳಿವೆ. ಅಂಗಡಿಯ ಚೀಟಿ ಇನ್ನೂ ಬಿಟ್ಟಿಲ್ಲ. ನಾವು ಉಣ್ಣುವುದು ಸೊಟ್ಟಗಾದ ಹಳೆಯ ತಟ್ಟೆಯಲ್ಲಿ. ನನ್ನ ಮೊದಲ ಸಂಬಳದಲ್ಲಿ ತಂದ ಸೀರೆ ಟ್ರಂಕಿನಲ್ಲಿದೆ. ಅಪ್ಪನಿಗೆಂದು ಹೊಲಿಸಿದ ಬಿಳಿ ಅಂಗಿ ‘ಎಲ್ಲಿಗಾದರೂ ಹೋಗುವಾಗ ಇರಲಿ’ ಎಂದು ಮಡಿಸಿದಂತೆಯೇ ಇತ್ತು. ಐದು ವರ್ಷದ ಕೆಳಗೆ ಅವರು ಹೋದಾಗ ಅದನ್ನೇ ತೊಡಿಸಿದೆವು. ಒಳ್ಳೆಯದನ್ನು ಮುಟ್ಟದೆ ಇಡುವುದೇ ಅದಕ್ಕೆ ತೋರುವ ಪ್ರೀತಿ ಎಂದು ನಾವು ತಿಳಿದಿದ್ದೆವು.

ಹಾಗಾಗಿ ಒಂಬತ್ತು ವರ್ಷ ನಾನು ಬೀಜವನ್ನು ಮುಟ್ಟಲಿಲ್ಲ. ಬ್ಯಾಕ್ಟೀರಿಯಾವನ್ನು ಪೋಷಕಾಂಶ ಹರಡಿದ ಒಂದು ಗಾಜಿನ ಪ್ಲೇಟಿನಿಂದ ಎತ್ತಿ ಇನ್ನೊಂದಕ್ಕೆ ಬಿತ್ತುವುದನ್ನು ನಾವು ಮರುನಾಟಿ ಎನ್ನುತ್ತೇವೆ. ಬೀಜದಿಂದ ಐದು ಮರುನಾಟಿ ದಾಟಬಾರದೆಂಬುದು ನಿಯಮ. ಪ್ರತಿ ನಾಟಿಗೂ ಅದು ಸ್ವಲ್ಪ ಸ್ವಲ್ಪವಾಗಿ ತನ್ನ ಗುಣ ಬಿಡುತ್ತ ಹೋಗುತ್ತದೆ. ಆ ನಿಯಮವನ್ನು ಚೆಂದದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳೂ ನಾನೇ. ಆದರೆ ಫ್ರೀಜರಿನ ಟ್ಯೂಬುಗಳು ಮುಗಿಯುತ್ತ ಬಂದಾಗಲೆಲ್ಲ ಟ್ಯೂಬುಗಳ ಹೊಸ ತಂಡಕ್ಕೆ ಬೀಜ ಒಡೆಯದೆ, ಹಿಂದಿನ ವರ್ಷದ ಕೊನೆಯ ಟ್ಯೂಬಿನಿಂದಲೇ ಎತ್ತಿದೆ. ಹೊಸ ವರ್ಷದ ಹೊಸ ಪುಟದಲ್ಲಿ ‘ಮರುನಾಟಿ ಒಂದು’ ಎಂದು ಬರೆದೆ. ಮತ್ತೆ ಎರಡು, ಮೂರು. ಮುಂದಿನ ವರ್ಷ ಪುನಃ ಒಂದು. ನನ್ನ ರಿಜಿಸ್ಟರಿನಲ್ಲಿ ಕಾಟು ಹೊಡೆದದ್ದು ಒಂದೂ ಇರಲಿಲ್ಲ.

ಈ ವರ್ಷ ಹೊಸದಾಗಿ ಬಂದ ಮುಖ್ಯಸ್ಥೆ ನನಗಿಂತ ಚಿಕ್ಕವರು. ಸಂಗ್ರಹದಲ್ಲಿರುವ ರೋಗಾಣು ತಳಿಗಳನ್ನೆಲ್ಲ ಪರೀಕ್ಷಿಸಿ, ಸರಿಯಿದ್ದವನ್ನು ಮಾತ್ರ ಪಟ್ಟಿಯಲ್ಲಿ ಉಳಿಸುವುದೆಂದು ಅವರು ಮೊದಲ ದಿನವೇ ಹೇಳಿದರು. ಉಲ್ಲಾಳದ ಸರದಿ ಬಂತು. ಗಳಲೆಯ ರೋಗಾಣುವಿಗೆ ಮೈಮೇಲೆ ಲೋಳೆಯ ಕವಚವಿರುತ್ತದೆ. ಎಮ್ಮೆಯ ರಕ್ತದಲ್ಲಿ ಅದು ಬದುಕುವುದು ಆ ಕವಚದ ಬಲದಿಂದಲೇ. ಕವಚವಿದ್ದರೆ ಪಾರದರ್ಶಕ ಪ್ಲೇಟನ್ನು ಓರೆ ಬೆಳಕಿಗೆ ಹಿಡಿದಾಗ ಅದು ಬೆಳೆದು ಗುಂಪುಗೂಡಿದ ಚುಕ್ಕೆಗಳು ಮುತ್ತಿನ ಚಿಪ್ಪಿನ ಒಳಮೈಯಂತೆ ಬಣ್ಣ ಬಣ್ಣವಾಗಿ ಹೊಳೆಯುತ್ತವೆ. ನಾನು ಕೊಟ್ಟ ಪ್ಲೇಟಿನಲ್ಲಿ ಇದ್ದದ್ದು ಬೂದು ಬಣ್ಣದ ಚಪ್ಪಟೆ ಚುಕ್ಕೆಗಳು.

“ಹೊಳೀತಾನೇ ಇಲ್ವಲ್ರೀ,” ಎಂದರು ಮೇಡಂ. ಪ್ಲೇಟನ್ನು ಹಾಗೂ ಹೀಗೂ ತಿರುಗಿಸಿದರು. “ಕವಚ ಕಳ್ಕೊಂಡುಬಿಟ್ಟಿದೆ. ಎಷ್ಟನೇ ಮರುನಾಟಿ ಇದು?”

“ಮೂರನೆಯದು ಮೇಡಂ.”

“ಬೀಜದಿಂದ ಮೂರಾ?”

ಅವರು ರಿಜಿಸ್ಟರನ್ನು ಹಿಂದಕ್ಕೆ ತಿರುವಿದರು. ಒಂದು, ಎರಡು, ಮೂರು. ಒಂದು, ಎರಡು, ಮೂರು. ಬೆರಳು ನಿಂತಿತು.

“ಪ್ರತಿ ವರ್ಷ ಒಂದರಿಂದ ಶುರು ಮಾಡ್ತಿದ್ರಾ? ಅಯ್ಯೋ, ಹಾಗಿದ್ರೆ ಇದು ಇಪ್ಪತ್ತೇಳನೇದು ಕಣ್ರೀ!”

“ಬೀಜ ಖರ್ಚಾಗಬಾರದೆಂದು ಹಾಗೆ ಮಾಡಿದೆ, ಮೇಡಂ,” ಎಂದೆ. ವಾಕ್ಯ ವ್ಯಾಕರಣಬದ್ಧವಾಗಿತ್ತು. ಧ್ವನಿ ಮಾತ್ರ ನನ್ನದಾಗಿರಲಿಲ್ಲ.

ಅವರು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. “ಬೀಜ ಒಡೀರಿ. ಬಂದ್ರೆ ಅದ್ರಿಂದ ಹೊಸ ತಂಡ ಮಾಡೋಣ. ಬರ್ಲಿಲ್ಲ ಅಂದ್ರೆ ಉಲ್ಲಾಳವನ್ನ ಪಟ್ಟಿಯಿಂದ ತೆಗೀಬೇಕಾಗುತ್ತೆ. ಆ ಹೆಸರು ಇಟ್ಕೊಂಡು ಬೇರೆ ಏನೋ ಇಟ್ಕೊಳ್ಳೋಕಾಗಲ್ಲ.”

ಅಂದು ಸಂಜೆ ಮನೆಗೆ ಹೋಗಲಿಲ್ಲ. ಬಸವೇಶ್ವರನಗರದಲ್ಲಿರುವ ಹಿರಿಯ ಡಾಕ್ಟರ ಮನೆಗೆ ಹೋದೆ. ಅವರು ವರಾಂಡದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನು ನಿಂತುಕೊಂಡೇ, ದಾರಿಯುದ್ದಕ್ಕೂ ಸಿದ್ಧಪಡಿಸಿದ್ದ ತಪ್ಪೊಪ್ಪಿಗೆಯನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಸಿದೆ.

“ಮೊದ್ಲು ಕೂತ್ಕೋ. ಪರೀಕ್ಷೆಗೆ ಬಂದೋಳ ಥರ ನಿಂತಿದೀಯ,” ಎಂದು ಅವರು ಒಂದು ಹಿಡಿ ಕಾಯನ್ನು ನನ್ನ ಮುಂದೆ ಸುರಿದರು. “ಸುಲಿ. ಬೀಜ ಮುಟ್ಬೇಡ ಅಂತ ನಾನು ಯಾವಾಗ ಹೇಳ್ದೆ?”

“ಜೋಪಾನ ಎಂದಿರಿ, ಸಾರ್.”

“ಜೋಪಾನ ಅಂದ್ರೆ ಪೂಜೆ ಮಾಡು ಅಂತಲ್ಲ ಕಣಮ್ಮ! ಅದು ಇರೋದೇ ಒಡೆಯೋಕೆ. ಒಂದು ಒಡೆದು ಇಪ್ಪತ್ತು ಮಾಡಿ ಮತ್ತೆ ಮುಚ್ಚು ಅಂತ.” ಆಮೇಲೆ ದನಿ ತಗ್ಗಿಸಿ ಕೇಳಿದರು: “ಎರಡೂ ಇದೆ ತಾನೇ?”

“ಇದೆ.”

“ನನ್ನ ಕೈಲಿದ್ದಿದ್ರೆ ಎರಡೂ ಖಾಲಿ ಮಾಡಿಬಿಟ್ಟಿರ್ತಿದ್ದೆ. ಹೋಗು, ಕಿಡಿ ಹಿಡಿದು ನೋಡು.”

ಕಿಡಿ ಹಿಡಿಯುವುದೆಂದರೆ, ಕಡ್ಡಿಯಂಥ ಒಂದು ವಿದ್ಯುತ್ ಸಾಧನದ ತುದಿಯನ್ನು ಆಂಪೂಲಿನ ಹತ್ತಿರ ತರುವುದು. ಒಳಗೆ ನಿರ್ವಾತ ಉಳಿದಿದ್ದರೆ ಗಾಜಿನೊಳಗೆ ನೇರಳೆ ಬೆಳಕು ಮಿನುಗುತ್ತದೆ. ಗಾಳಿ ನುಗ್ಗಿದ್ದರೆ ಕತ್ತಲೆ. ಗುರುವಾರ ಬೆಳಗ್ಗೆ ಮೇಡಂ ದೀಪ ಆರಿಸಿದರು. ಮೊದಲ ಆಂಪೂಲಿನ ಬಳಿ ಹಿಡಿದೆ, ಏನೂ ಆಗಲಿಲ್ಲ. ಹಿಂದೆ ಕಟ್ಟಡ ಬದಲಿಸುವಾಗ ಪೆಟ್ಟು ಬಿದ್ದಿರಬೇಕು, ಬಾಯಿಯ ಬಳಿ ಕೂದಲೆಳೆಯಷ್ಟು ಬಿರುಕಿತ್ತು. ಎರಡನೆಯದರ ಬಳಿ ಹಿಡಿದೆ. ಒಳಗೆಲ್ಲ ನೇರಳೆ ತುಂಬಿಕೊಂಡಿತು.

“ಉಸಿರು ಬಿಡ್ರೀ,” ಎಂದರು ಮೇಡಂ.

ಬಿರುಕಿನದರ ಆಸೆ ಬಿಟ್ಟು ಎರಡನೆಯದನ್ನು ಗಾಳಿ ಶೋಧಿಸುವ ಕಪಾಟಿನೊಳಗೆ ಇಟ್ಟೆ. ಅರದಿಂದ ಗಾಜಿನ ಮೇಲೆ ಗೆರೆ ಎಳೆದು, ಸ್ಪಿರಿಟಿನಲ್ಲಿ ಒರೆಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಹಿಡಿದೆ. ಇಪ್ಪತ್ತನಾಲ್ಕು ವರ್ಷಗಳಿಂದ ಯಾರೂ ಮುಟ್ಟದ ಹಾಲು. ಅದು ಮುಚ್ಚಿಕೊಂಡಾಗ ಅಪ್ಪ ಇದ್ದರು, ಕೆರೆಯಂಗಳವಿತ್ತು, ನಾನು ‘ಐತೆ’ ಎನ್ನುತ್ತಿದ್ದೆ. ಮೇಡಂ ಹಿಂದೆ ನಿಂತಿದ್ದರು, ಅವಸರ ಮಾಡಲಿಲ್ಲ. ಕೊನೆಗೆ ಸಣ್ಣದೊಂದು ಟಿಕ್ ಕೇಳಿಸಿತು. ಹನಿ ಬಿಟ್ಟೆ. ಪುಡಿ ಕರಗಿ ಹಾಲಾಯಿತು. ಅದನ್ನು ಪ್ಲೇಟುಗಳಿಗೆ ಬಿತ್ತಿದೆ.

ಶುಕ್ರವಾರ ಪ್ಲೇಟುಗಳ ಮೇಲೆ ಏನೂ ಇರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳದೆ ಇರಲಾಗಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಅಂದ್ರೆ, ನಮ್ಮೆಮ್ಮೆ ತಿಂದಿದ್ದು ಇನ್ನೂ ಐತೆ ಅಂತೀಯ?”

“ಇದೆಯೋ ಇಲ್ಲವೋ ನಾಳೆ ಗೊತ್ತಾಗುತ್ತದೆ, ಅಮ್ಮ.”

“ಬರ್ದೆ ಇದ್ರೆ?”

“ಉಲ್ಲಾಳ ಎನ್ನುವುದು ಪಟ್ಟಿಯಲ್ಲಿ ಇರುವುದಿಲ್ಲ.”

“ಓಗ್ಲಿ ಬಿಡು, ಹಾಳಾದ್ದು. ಅಂಥ ಎಮ್ಮೆ ತಿಂದು ನೀರು ಕುಡೀತು. ಅದಕ್ಕೆ ಯಾಕೆ ನೀನು ಮುಖ ಸಣ್ಣ ಮಾಡ್ಕಂಡಿದ್ದೀಯ?” ಎಂದು ತವಾದ ಮೇಲಿನ ರೊಟ್ಟಿ ತಿರುಗಿಸಿದಳು. ಆಮೇಲೆ ನನ್ನತ್ತ ನೋಡದೆ ಕೇಳಿದಳು: “ಆ ಕಾಗ್ದ ಐತಾ, ನಿಮ್ಮಪ್ಪ ಬೆಟ್ಟೊತ್ತಿದ್ದು?”

“ಇದೆ.”

“ಅದನ್ನೂ ತೆಗೆದಾಕ್ತಾರಾ?”

ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ, ಅಥವಾ ಕೇಳಿಕೊಳ್ಳಲು ಧೈರ್ಯ ಬಂದಿರಲಿಲ್ಲ. ಪಟ್ಟಿಯಿಂದ ತೆಗೆದ ತಳಿಯ ಕಾಗದಗಳು ಕೆಳಗಿನ ಉಗ್ರಾಣಕ್ಕೆ ಹೋಗುತ್ತವೆ. ಅಲ್ಲಿಂದ ಯಾವ ಕಾಗದವೂ ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಅಪ್ಪನ ಫೋಟೋಗಳು ನಮ್ಮಲ್ಲಿ ಮೂರಿವೆ. ಆದರೆ ಅವರ ಕೈಯಿಂದ ಕಾಗದದ ಮೇಲೆ ಬಿದ್ದದ್ದು, ಜಮೀನಿನ ಪತ್ರಗಳನ್ನು ಬಿಟ್ಟರೆ, ಅದೊಂದೇ. ಜಮೀನಿನ ಪತ್ರಗಳ ಹೆಬ್ಬೆಟ್ಟುಗಳನ್ನು ಯಾರೋ ಗುಮಾಸ್ತರು ಬೆರಳು ಹಿಡಿದು ನೆಟ್ಟಗೆ ಒತ್ತಿಸಿದ್ದು. ಗೀರಿನದು ಅವರದೇ.

“ಗೊತ್ತಿಲ್ಲ ಕಣಮ್ಮ,” ಎಂದೆ.

ಶನಿವಾರ ಬೆಳಗ್ಗೆ ಎಂಟಕ್ಕೆ ನಾಯಂಡಹಳ್ಳಿಯಲ್ಲಿ ಮೆಟ್ರೋ ಇಳಿದು, ಗ್ಯಾರೇಜುಗಳ ಸಾಲನ್ನು ದಾಟಿ ಓಡುನಡಿಗೆಯಲ್ಲಿ ಪ್ರಯೋಗಾಲಯ ಸೇರಿದೆ. ರಕ್ತ ಬೆರೆಸಿದ ಪ್ಲೇಟಿನ ಅಂಚಿನಲ್ಲಿ ನಾಲ್ಕು ಚುಕ್ಕೆಗಳಿದ್ದವು. ಇಬ್ಬನಿ ಹನಿಗಳಂತೆ, ದುಂಡಗೆ. ನಾಲ್ಕೇ ನಾಲ್ಕು. ಬೇರೆ ಯಾವುದೋ ಸೂಕ್ಷ್ಮಜೀವಿ ಗಾಳಿಯಲ್ಲಿ ಬಂದು ಬಿದ್ದಿರಲೂಬಹುದಿತ್ತು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು, ಆಕಾರ ಸರಿಯಿತ್ತು. ಒಂದು ಚುಕ್ಕೆಯನ್ನು ಎತ್ತಿ ಪಾರದರ್ಶಕ ಪ್ಲೇಟಿಗೆ ಬಿತ್ತಿದೆ. ರಿಜಿಸ್ಟರಿನಲ್ಲಿ ಹೊಸ ಸಾಲು ತೆರೆದು, ‘ಬೀಜದಿಂದ’ ಎಂದು ಬರೆದು, ನಿಂತು, ರಕ್ತದ ಪ್ಲೇಟನ್ನೂ ಎಣಿಸಿ, ಮುಂದೆ ‘ಎರಡು’ ಎಂದು ಬರೆದೆ.

ಭಾನುವಾರ ನನಗೆ ರಜೆ. ಆದರೂ ಹೋದೆ. ಮೇಡಂ ನನಗಿಂತ ಮೊದಲೇ ಬಂದು ಕೈಕಟ್ಟಿ ನಿಂತಿದ್ದರು. “ನಾನು ನೋಡಿಲ್ಲ. ನಿಮ್ಮೂರು, ನೀವೇ ತೆಗೀರಿ.”

ಪ್ಲೇಟನ್ನು ತೆಗೆದು ದೀಪದ ಓರೆಗೆ ಹಿಡಿದೆ. ಮೊದಲು ಬೂದು. ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದೆ. ಹಸಿರು ಬಂತು, ಅದರ ಅಂಚಿಗೆ ಗುಲಾಬಿ, ಮತ್ತೆ ಚಿನ್ನದ ಬಣ್ಣ. ಸಾಲುಸಾಲಾಗಿ ಎಲ್ಲ ಚುಕ್ಕೆಗಳೂ ಹೊಳೆದವು. ಕವಚ ತೊಟ್ಟೇ ಬಂದಿತ್ತು.

ಮೇಡಂ ನನ್ನ ಬೆನ್ನು ತಟ್ಟಿದರು. ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಪ್ಲೇಟನ್ನು ಹಿಡಿದು ನಿಂತಂತೆ ನನಗೆ ಬೇಕಾಗಿದ್ದದ್ದು ಅದಲ್ಲವೆಂದು ತಿಳಿಯಿತು. ಅಂದಿನ ಉಲ್ಲಾಳದಿಂದ ಕೂದಲಷ್ಟೂ ಬದಲಾಗದೆ ಮರಳಿ ಬಂದದ್ದು ಇದೊಂದೇ. ಎಮ್ಮೆಯ ಬಾಗಿದ ಕೊಂಬು, ಹಸಿ ಹುಲ್ಲಿನ ಬಿಸಿ ಉಸಿರು, ಅಪ್ಪನ ನಾಲಗೆಯ ಸದ್ದು, ಇವನ್ನು ಯಾರೂ ಹಾಲಿನಲ್ಲಿ ಕಲಸಿ ಇಟ್ಟಿರಲಿಲ್ಲ.

“ಮೇಡಂ, ಹಳೆಯ ಫಾರಂ...”

“ಯಾವ್ದು? ಅದಾ? ಅದು ತಳಿ ಜೊತೇನೇ ಇರುತ್ತೆ. ಹೊಸ ಕಾರ್ಡಲ್ಲಿ ಹೆಬ್ಬೆಟ್ಟಿಗೆ ಜಾಗ ಇಲ್ಲ, ಹಿಂದುಗಡೆ ಪಿನ್ ಮಾಡಿ.” ನಂತರ ಫಾರಂ ಅನ್ನು ಹತ್ತಿರಕ್ಕೆ ಹಿಡಿದು, “ಯಾರ್ರೀ ಇಷ್ಟು ನೀಟಾಗಿ ತುಂಬಿರೋದು?” ಎಂದರು.

“ನಾನೇ. ಏಳನೇ ಕ್ಲಾಸಲ್ಲಿದ್ದೆ,” ಎಂದೆ. ಎರಡು ಸಲ ಕಟ್ಟಿಕೊಳ್ಳದೆ ಆಡಿದ ಮಾತು.

ಅವರೇ ಅದನ್ನು ಹೊಸ ಕಾರ್ಡಿನ ಹಿಂದೆ ಪಿನ್ ಮಾಡಿದರು. ಆಮೇಲೆ ಇಪ್ಪತ್ತು ಹೊಸ ಆಂಪೂಲುಗಳ ಲೆಕ್ಕ ಹಾಕಿದೆವು. ಅದರಲ್ಲಿ ಒಂದನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಒಡೆಯಬೇಕೆಂದು ಅವರು ಹೇಳಿದರು, ನಾನು ಬರೆದುಕೊಂಡೆ.

ಸಂಜೆ ಅಮ್ಮನ ಜೊತೆ ಪಾರ್ಕಿಗೆ ನಡೆಯಲು ಹೊರಟೆ. ನಮ್ಮ ಬೀದಿಯ ಕೊನೆಯಲ್ಲಿ, ಬಡಾವಣೆಯ ಟ್ರಾನ್ಸ್‌ಫಾರ್ಮರ್ ಇರುವ ಕಡೆ, ಅಮ್ಮ ಯಾವಾಗಲೂ ರಸ್ತೆ ದಾಟಿ ಆಚೆಯ ಬದಿಯಲ್ಲಿ ನಡೆಯುತ್ತಾಳೆ. ಎಮ್ಮೆಯನ್ನು ಹೂತದ್ದು ಅಲ್ಲಿ. ಬಡಾವಣೆ ಬಂದು, ಟಾರು ಬಿದ್ದು, ಕಲ್ಲುಹಾಸು ಬಂದರೂ ಅವಳು ಅದರ ಮೇಲೆ ಕಾಲಿಟ್ಟವಳಲ್ಲ.

“ಬಂತಾ?” ಎಂದು ಕೇಳಿದಳು, ಊರಿಂದ ಯಾರೋ ಬರಬೇಕಿತ್ತೇನೋ ಎಂಬಂತೆ.

“ಬಂತು ಕಣಮ್ಮ. ಅಂಗೇ ಐತೆ.”

ಅವಳು ಥಟ್ಟನೆ ನನ್ನ ಮುಖ ನೋಡಿದಳು. ಅಂದು ರಸ್ತೆ ದಾಟಲಿಲ್ಲ. ಕಲ್ಲುಹಾಸಿನ ಅಂಚಿನವರೆಗೆ ಹೋಗಿ, ಸೆರಗು ಸರಿಮಾಡಿಕೊಂಡು, ಕೆಳಗೆ ನೋಡುತ್ತ ನಿಂತಳು. ಬಸ್ಸಿಳಿದ ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

“ಕೇಳಿಸ್ತೇನೇ,” ಎಂದಳು ಅಮ್ಮ ನೆಲಕ್ಕೆ, ಮೆಲ್ಲಗೆ. “ನಿನ್ನ ತಿಂದಿದ್ದು ಇನ್ನೂ ಬದ್ಕೈತಂತೆ. ನಮ್ಮುಡ್ಗೀನೇ ನೋಡ್ಕತಾವ್ಳೆ.”